ಕೈಯಲ್ಲಿ ಬಡಿದ ತಾಮ್ರದ ಭಟ್ಟಿ: ವರ್ಷ ದಾಟಿದ ಮೇಲೊಂದು ವಿಮರ್ಶೆ

ಮೊದಲೇ ಹೇಳಿಬಿಡುತ್ತೇನೆ. ಮದ್ಯ ಇಳಿಸುವ ಈ ಭಟ್ಟಿ ಚೆನ್ನಾಗಿದೆ. ಇನ್ನೊಂದು ಬೇಕಾದರೆ ಇದನ್ನು ಮಾಡಿದವರ ಹತ್ತಿರವೇ ಹೋಗುತ್ತೇನೆ. ಆದರೆ ಜನ ಯಾವ ಕಾರಣಕ್ಕೆ ಇದನ್ನು ಹೊಗಳುತ್ತಾರೋ ಆ ಕಾರಣಕ್ಕಲ್ಲ.

ಡಿಸ್ಟಿಲರಿ ನೋಡಲು ಬಂದವರೆಲ್ಲ ಮೊದಲು ಮಾಡುವ ಕೆಲಸ ಅಂದರೆ ಇದರ ಮೈಮೇಲಿನ ಸುತ್ತಿಗೆ ಗುರುತು ಮುಟ್ಟಿ ನೋಡುವುದು. ಆಮೇಲೆ ಫೋಟೋ. ಆಮೇಲೆ 'ಎಲ್ಲಾ ಕೈಯಲ್ಲೇ ಮಾಡಿದ್ದಾ?' ಎಂಬ ಪ್ರಶ್ನೆ. ಹೌದು, ಕೈಯಲ್ಲೇ ಮಾಡಿದ್ದು. ಆದರೆ ಆ ಗುರುತಿನಿಂದ ಸ್ಪಿರಿಟ್‌ನ, ಅಂದರೆ ಇಳಿಸಿದ ಮದ್ಯದ, ರುಚಿ ಒಂದು ಚೂರೂ ಬದಲಾಗುವುದಿಲ್ಲ. ಕೊಡುವ ದುಡ್ಡು ಸಾರ್ಥಕವಾಗುವ ಜಾಗ ಬೇರೆ ಇದೆ. ಅದು ಫೋಟೋದಲ್ಲಿ ಕಾಣುವುದಿಲ್ಲ.

ನಾನು ಒಂದು ಸಣ್ಣ ಡಿಸ್ಟಿಲರಿಯಲ್ಲಿ ಭಟ್ಟಿ ನೋಡಿಕೊಳ್ಳುತ್ತೇನೆ. ಸ್ಟೀಮ್ ಬಿಡುವುದು, ಇಳಿದು ಬರುವುದರಲ್ಲಿ ಯಾವ ಭಾಗ ಇಟ್ಟುಕೊಂಡು ಯಾವುದನ್ನು ಕತ್ತರಿಸಬೇಕು ಎಂದು ಮೂಗಿನಲ್ಲೇ ತೀರ್ಮಾನಿಸುವುದು, ಕೊನೆಗೆ ಮುಚ್ಚಳ ತೆಗೆದು ಉಜ್ಜಿ ತೊಳೆಯುವುದು, ಎಲ್ಲವೂ ನನ್ನ ಪಾಲಿಗೇ. ಹಾಗಾಗಿ ಇದು ದುಡ್ಡು ಹಾಕಿದವರ ವಿಮರ್ಶೆ ಅಲ್ಲ, ತೊಳೆಯುವವರ ವಿಮರ್ಶೆ ಅಂದುಕೊಳ್ಳಿ. ಇನ್ನೊಂದು ಮಾತು: ಲೈಸೆನ್ಸ್ ಇಲ್ಲದೆ ಸ್ಪಿರಿಟ್ ಇಳಿಸುವುದು ಬಹುತೇಕ ಎಲ್ಲ ದೇಶಗಳಲ್ಲೂ ಅಪರಾಧ. ಮನೆಯ ಹಿತ್ತಲಿನಲ್ಲಿ ಮಾಡಲು ಹೊರಟವರಿಗೆ ಈ ಬರಹದಲ್ಲಿ ಏನೂ ಇಲ್ಲ.

ನಾವು ಕೊಂಡದ್ದು 500 ಲೀಟರಿನ ಪಾಟ್ ಸ್ಟಿಲ್, ಅಂದರೆ ಒಂದೊಂದು ಸಲ ತುಂಬಿ ಕಾಯಿಸುವ ಪಾತ್ರೆ ಭಟ್ಟಿ. ಒಂದು ಸಲಕ್ಕೆ 350 ಲೀಟರ್ ತುಂಬುತ್ತೇವೆ, ಉಳಿದದ್ದು ನೊರೆಗೆ ಬಿಟ್ಟ ಜಾಗ. ತಳ 4 ಮಿಲಿಮೀಟರ್ ದಪ್ಪ, ಪಕ್ಕ 3, ಕೊರಳು 2. ಪಾತ್ರೆಯ ಮೇಲೆ ಗುಂಡಗೆ ಉಬ್ಬಿದ ಒಂದು ಬಾಯ್ಲ್ ಬಾಲ್, ಅದರ ಮೇಲೆ ಹಂಸದ ಕೊರಳು, ಅಲ್ಲಿಂದ ಸ್ವಲ್ಪ ಮೇಲ್ಮುಖವಾಗಿ ಆವಿಯನ್ನು ಒಯ್ಯುವ ಕೊಳವೆ, ಅದೇ ಲೈನ್ ಆರ್ಮ್, ಕೊನೆಗೆ ಆ ಆವಿಯನ್ನು ತಣಿಸಿ ದ್ರವ ಮಾಡುವ, ತಾಮ್ರದ ಕೊಳವೆಗಳಿರುವ ಕಂಡೆನ್ಸರ್. ತಳದ ಸುತ್ತ ಸ್ಟೀಲಿನ ಸ್ಟೀಮ್ ಜಾಕೆಟ್. ಒಳಗೆ ನಿಧಾನವಾಗಿ ತಿರುಗುವ ಕಲಕುವ ರೆಕ್ಕೆ. ಮಾಡಿದವರು ಬೆರಳೆಣಿಕೆಯ ಕೆಲಸಗಾರರಿರುವ ಒಂದು ವರ್ಕ್‌ಶಾಪಿನವರು. ಈ ಕ್ಷೇತ್ರದಲ್ಲಿ ಸ್ಕಾಟ್ಲೆಂಡಿನ ರೋಥೆಸ್ ಊರಿನ ಫೋರ್ಸಿತ್ಸ್, ಅಮೆರಿಕದ ಲೂಯಿವಿಲ್‌ನ ವೆಂಡೋಮ್ ಥರದ ದೊಡ್ಡ ಹೆಸರುಗಳಿವೆ. ಇವರು ಆ ಸಾಲಿನವರಲ್ಲ. ಹೆಸರು ಹಾಕುತ್ತಿಲ್ಲ, ಏಕೆಂದರೆ ಮುಂದೆ ಒಂದೆರಡು ದೂರುಗಳೂ ಇವೆ.

ಇವರನ್ನು ಆರಿಸಿಕೊಳ್ಳಲು ಕಾರಣ ಅವರು ಕೇಳಿದ ಪ್ರಶ್ನೆಗಳು. ಬೇರೆ ಕಡೆ ವಿಚಾರಿಸಿದಾಗ ಕ್ಯಾಟಲಾಗ್ ಬಂತು, 'ಎಷ್ಟು ಲೀಟರ್ ಬೇಕು' ಎಂದಷ್ಟೇ ಕೇಳಿದರು. ಇಲ್ಲಿ ಹಿರಿಯ ಮೇಸ್ತ್ರಿ ಲೀಟರಿನ ಮಾತು ಎತ್ತಿದ್ದೇ ಕೊನೆಗೆ. ಏನು ಇಳಿಸುತ್ತೀರಿ? ವಾಶ್ (ಇಳಿಸುವ ಮೊದಲಿನ ಹುದುಗು ಬಂದ ದ್ರವ) ಸೋಸಿ ಹಾಕುತ್ತೀರಾ, ಗಸಿ ಸಮೇತ ಹಾಕುತ್ತೀರಾ? ಸ್ಪಿರಿಟ್ ಹಗುರ ಇರಬೇಕಾ, ಗಟ್ಟಿ ಇರಬೇಕಾ? ಛಾವಣಿ ಎಷ್ಟು ಎತ್ತರ? ತಣ್ಣೀರು ಎಲ್ಲಿಂದ ಬರುತ್ತದೆ? ಈ ಕೊನೆಯ ಪ್ರಶ್ನೆಗೆ ಸಿಕ್ಕ ಉತ್ತರವನ್ನು ಅವರು ಸರಿಯಾಗಿ ಬಳಸಲಿಲ್ಲ, ಅದು ಆಮೇಲಿನ ಕಥೆ. ಆದರೆ ಕೇಳಿದ್ದಂತೂ ನಿಜ.

ಆಕಾರದ ಬಗ್ಗೆ ಯಾಕಿಷ್ಟು ಕೇಳುತ್ತಾರೆ ಅಂದರೆ, ಪಾಟ್ ಸ್ಟಿಲ್‌ನಲ್ಲಿ ಆಕಾರವೇ ಅರ್ಧ ಕೆಲಸ ಮಾಡುತ್ತದೆ. ಆವಿ ಮೇಲೆ ಹೋಗುವಾಗ ಒಂದಷ್ಟು ಭಾಗ ತಾಮ್ರದ ಗೋಡೆಗೆ ತಾಗಿ, ತಣ್ಣಗಾಗಿ, ವಾಪಸ್ ಪಾತ್ರೆಗೆ ಬೀಳುತ್ತದೆ. ಇದೇ ರಿಫ್ಲಕ್ಸ್. ಕೊರಳು ಎತ್ತರವಾದಷ್ಟೂ, ಆರ್ಮ್ ಮೇಲ್ಮುಖವಾದಷ್ಟೂ ಇದು ಜಾಸ್ತಿ. ಆಗ ಭಾರದ, ಎಣ್ಣೆಯಂಥ ಅಂಶಗಳು ಹಿಂದೆ ಉಳಿದು ಹಗುರವಾದ ಸ್ಪಿರಿಟ್ ಬರುತ್ತದೆ. ಸ್ಕಾಟ್ಲೆಂಡಿನಲ್ಲಿ ವಿಸ್ಕಿ ಮಾಡುವ ಗ್ಲೆನ್‌ಮೊರಾಂಜಿಯ ಭಟ್ಟಿಗಳ ಕೊರಳೇ 5 ಮೀಟರ್ ಮೀರಿದೆ, ಅವರ ಸ್ಪಿರಿಟ್ ಹೂವಿನಂತೆ ಹಗುರ. ಅಲ್ಲಿನದೇ ಮಕ್ಯಾಲನ್ ಭಟ್ಟಿಗಳು ಕುಳ್ಳ, ಸ್ಪಿರಿಟ್ ದಪ್ಪ. ನಮ್ಮ ಛಾವಣಿ ಎತ್ತರದ ಕೊರಳಿಗೆ ಅವಕಾಶ ಕೊಡಲಿಲ್ಲ. ಆ ಕೊರತೆ ತುಂಬಲು ಮೇಸ್ತ್ರಿ ಬಾಯ್ಲ್ ಬಾಲ್ ಸೇರಿಸಿದರು, ಆರ್ಮನ್ನು ಸ್ವಲ್ಪ ಮೇಲಕ್ಕೆತ್ತಿದರು. ಕ್ಯಾಟಲಾಗ್ ನೋಡಿ ಕೊಂಡಿದ್ದರೆ ಈ ಹೊಂದಾಣಿಕೆ ಸಿಗುತ್ತಿರಲಿಲ್ಲ. ನನ್ನ ಲೆಕ್ಕದಲ್ಲಿ 'ಕೈಯಲ್ಲಿ ಮಾಡಿದ್ದು' ಎನ್ನುವುದಕ್ಕೆ ಇರುವ ಬೆಲೆ ಇಲ್ಲಿದೆ.

ತಾಮ್ರವೇ ಯಾಕೆ ಎಂದು ಕೇಳಿದರೆ ಎಲ್ಲರೂ ಶಾಖದ ಮಾತಾಡುತ್ತಾರೆ. ಸ್ಟೇನ್‌ಲೆಸ್ ಸ್ಟೀಲಿಗಿಂತ ತಾಮ್ರ ಸುಮಾರು 25 ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತದೆ, ಇದು ನಿಜ. ನೇರ ಬೆಂಕಿಯ ಮೇಲೆ ಕೂರಿಸಿದ ಭಟ್ಟಿಗೆ ಇದು ದೊಡ್ಡ ವಿಷಯ. ಒಂದೇ ಕಡೆ ಸೀದು ಹೋಗುವುದಿಲ್ಲ. ಸ್ಟೀಮ್ ಜಾಕೆಟ್ ಇದ್ದರೆ ಅಷ್ಟೇನೂ ಮುಖ್ಯವಲ್ಲ. ಅಲ್ಲಿ ಶಾಖಕ್ಕೆ ನಿಜವಾದ ತಡೆ ಗೋಡೆಯಲ್ಲ, ಗೋಡೆಗೆ ಅಂಟಿ ನಿಲ್ಲುವ ದ್ರವದ ತೆಳು ಪದರ.

ಅಸಲಿ ಕಾರಣ ಗಂಧಕ. ಹುದುಗು ಬರುವಾಗ ಯೀಸ್ಟ್ ಗಂಧಕದ ಸಂಯುಕ್ತಗಳನ್ನು ಹುಟ್ಟಿಸುತ್ತದೆ. ಕೊಳೆತ ಮೊಟ್ಟೆ, ಬೆಂದ ಎಲೆಕೋಸು, ಸುಟ್ಟ ರಬ್ಬರ್, ಇಂಥ ವಾಸನೆಗಳು. ಬಿಸಿ ಆವಿ ತಾಮ್ರಕ್ಕೆ ತಾಗಿದಾಗ ಈ ಗಂಧಕವನ್ನು ತಾಮ್ರ ಹಿಡಿದುಕೊಳ್ಳುತ್ತದೆ, ತಾನು ಕಪ್ಪಾಗುತ್ತದೆ. ನಮ್ಮ ಹಳೆಯದು ಸ್ಟೀಲ್ ಭಟ್ಟಿ. ಅದರ ಕಾಲಮ್‌ನಲ್ಲಿ, ಅಂದರೆ ಆವಿ ಏರುವ ಕಂಬದಂಥ ಭಾಗದಲ್ಲಿ, ತಾಮ್ರದ ಜಾಲರಿ ತುರುಕಿದ್ದೆವು. ಅದು ಕೆಲಸ ಮಾಡುತ್ತಿತ್ತು. ಆದರೆ ಜಾಲರಿ ಬೇಗ ಕಪ್ಪಾಗುತ್ತಿತ್ತು. ತೊಳೆದು ಹಾಕಲು ಒಂದು ಸಲ ಉದಾಸೀನ ಮಾಡಿದರೂ ಆ ಎಲೆಕೋಸಿನ ವಾಸನೆ ಸ್ಪಿರಿಟ್‌ನಲ್ಲಿ ಇಣುಕುತ್ತಿತ್ತು. ಹೊಸ ಭಟ್ಟಿಯಲ್ಲಿ ಪಾತ್ರೆಯಿಂದ ಕಂಡೆನ್ಸರಿನವರೆಗೆ ಎಲ್ಲ ಕಡೆ ತಾಮ್ರ ಇರುವುದರಿಂದ ಆ ತಲೆನೋವು ಹೋಯಿತು.

ದುಡ್ಡು ಕಡಿಮೆ ಇರುವವರಿಗೆ ಇಲ್ಲೇ ಒಂದು ಮಾತು ಹೇಳಬೇಕು. ಪಾತ್ರೆ ಸ್ಟೀಲ್ ಇದ್ದು, ಕೊರಳು, ಆರ್ಮ್, ಕಂಡೆನ್ಸರ್ ತಾಮ್ರದ್ದಾಗಿದ್ದರೆ ಅದೇನೂ ಕೆಟ್ಟ ಆಯ್ಕೆ ಅಲ್ಲ. ಕಂಡೆನ್ಸರನ್ನು ಮಾತ್ರ ಸ್ಟೀಲಿಗೆ ಇಳಿಸಬೇಡಿ. ಆವಿ ದ್ರವವಾಗುವ ಜಾಗದಲ್ಲಿ ತಾಮ್ರ ಸಿಗುವುದು ತುಂಬಾ ಮುಖ್ಯ. ಸ್ಕಾಟ್ಲೆಂಡಿನ ಡಾಲ್‌ವಿನ್ನಿ ಡಿಸ್ಟಿಲರಿಯವರು ಹಳೇ ಕಾಲದ ಸುರುಳಿ ಕೊಳವೆಯ ತೊಟ್ಟಿ ತೆಗೆದು ಹೊಸ ಕಂಡೆನ್ಸರ್ ಹಾಕಿಸಿದರು. ತಾಮ್ರದ ಸಂಪರ್ಕ ಹೆಚ್ಚಾಯಿತು, ಅವರ ಸ್ಪಿರಿಟ್‌ನ ಗಡಸು ಸ್ವಭಾವವೇ ಹೋಯಿತು. ಕೊನೆಗೆ ಮತ್ತೆ ಸುರುಳಿಯನ್ನೇ ಕೂರಿಸಿದರು. ಅಂದರೆ ತಾಮ್ರ ಜಾಸ್ತಿ ಆದಷ್ಟೂ ಒಳ್ಳೆಯದು ಅಂತಲೂ ಇಲ್ಲ. ನಿಮಗೆ ಎಂಥ ಸ್ಪಿರಿಟ್ ಬೇಕು ಎನ್ನುವುದರ ಮೇಲೆ ಹೋಗುತ್ತದೆ.

ಈಗ ವರ್ಕ್‌ಶಾಪಿನ ವಿಷಯ. ಕೆಲಸ ನಡೆಯುವಾಗ ಬಂದು ನೋಡಿ ಎಂದು ಅವರೇ ಕರೆದರು. ಹೀಗೆ ಕರೆಯದವರ ಹತ್ತಿರ ಭಟ್ಟಿ ಮಾಡಿಸಬೇಡಿ ಅಂತಲೇ ನನ್ನ ಸಲಹೆ.

ಚಪ್ಪಟೆ ತಗಡು ಗುಂಡಗಿನ ಪಾತ್ರೆ ಆಗುವುದನ್ನು ನೋಡುವುದೇ ಒಂದು ಖುಷಿ. ತಾಮ್ರವನ್ನು ಬಡಿಯುತ್ತಾ ಹೋದಂತೆ ಅದು ಗಡಸಾಗುತ್ತದೆ. ಒಂದು ಹಂತ ದಾಟಿ ಬಡಿದರೆ ಬಿರುಕು ಬಿಡುತ್ತದೆ. ಆಗ ಅದನ್ನು ಮಂದ ಕೆಂಪಾಗುವ ತನಕ ಕಾಯಿಸುತ್ತಾರೆ. ಆಮೇಲೆ ನೀರಿಗೆ ಅದ್ದಿದರೂ ಮೆತ್ತಗೇ ಇರುತ್ತದೆ. ಕಬ್ಬಿಣದ ಕೆಲಸ ಗೊತ್ತಿರುವವರಿಗೆ ಇದು ವಿಚಿತ್ರ ಅನ್ನಿಸಬಹುದು, ಉಕ್ಕು ಹೀಗೆ ಮಾಡಿದರೆ ಗಡಸಾಗುತ್ತದಲ್ವಾ. ನೀರಿಗೆ ಅದ್ದುವುದರಿಂದ ಮೇಲಿನ ಕಪ್ಪು ಪೊರೆಯೂ ಉದುರುತ್ತದೆ. ಮತ್ತೆ ಬಡಿತ, ಮತ್ತೆ ಕಾಯಿಸುವುದು. ಬಾಯ್ಲ್ ಬಾಲ್ ಥರದ ಭಾಗಕ್ಕೆ ಈ ಸುತ್ತು ಎಷ್ಟೋ ಸಲ ನಡೆಯುತ್ತದೆ. ಕೊನೆಯಲ್ಲಿ ಕನ್ನಡಿಯಂತೆ ಪಾಲಿಶ್ ಮಾಡಿದ ಮುಖದ ಸುತ್ತಿಗೆಯಿಂದ ಒಂದರ ಪಕ್ಕ ಒಂದು ಸಣ್ಣ ಏಟು ಹಾಕುತ್ತಾ ಮೇಲ್ಮೈ ಸಮ ಮಾಡುತ್ತಾರೆ. ಈ ಕೊನೆಯ ಬಡಿತಕ್ಕೆ ಅರ್ಥ ಇದೆ. ಕಾಯಿಸಿ ಮೆತ್ತಗಾದ ತಾಮ್ರಕ್ಕೆ ಮತ್ತೆ ಬಿಗಿ ಬರುವುದು ಇದರಿಂದಲೇ. ಆದರೆ ಯಂತ್ರದ ರೋಲರ್‌ನಿಂದಲೂ ಆ ಬಿಗಿ ತರಬಹುದು. ಅದಕ್ಕೇ ಗುರುತಿನ ಚಂದಕ್ಕೆಂದೇ ಜಾಸ್ತಿ ದುಡ್ಡು ಕೊಡಬೇಡಿ ಅಂದದ್ದು. ಕೆಲವರು ಯಂತ್ರದಲ್ಲಿ ಪಾತ್ರೆ ಮಾಡಿ, ಆಮೇಲೆ ಸುಮ್ನೆ ಶೋಕಿಗೆ ಸುತ್ತಿಗೆ ಏಟು ಹಾಕಿ ಮಾರುತ್ತಾರೆ.

ನಾನು ಹೊರಮೈ ಸವರುತ್ತಾ ನಿಂತಿದ್ದಾಗ ಮೇಸ್ತ್ರಿ ಟಾರ್ಚ್ ಕೊಟ್ಟು, 'ಹೊರಗೇನು ನೋಡ್ತೀರಿ, ಒಳಗೆ ಬೆಳಕು ಬಿಟ್ಟು ನೋಡಿ' ಅಂದರು. ನೋಡಬೇಕಾದದ್ದು ಬೆಸುಗೆ. ತಾಮ್ರಕ್ಕೆ ಬೆಸುಗೆ ಹಾಕುವುದು ಸುಲಭವಲ್ಲ. ಶಾಖ ನಿಂತ ಜಾಗದಲ್ಲಿ ನಿಲ್ಲದೆ ಇಡೀ ತಗಡಿಗೆ ಹರಡಿಬಿಡುತ್ತದೆ. ಅದಕ್ಕೇ ಮೊದಲು ಇಡೀ ಭಾಗವನ್ನು ಬಿಸಿ ಮಾಡಿಕೊಂಡು, ಆರ್ಗಾನ್ ಗ್ಯಾಸಿನ ರಕ್ಷಣೆಯಲ್ಲಿ ಟಿಗ್ ವೆಲ್ಡಿಂಗ್ ಮಾಡುತ್ತಾರೆ. ಹಿಂಭಾಗಕ್ಕೂ ಆರ್ಗಾನ್ ಬಿಡದೆ ಹೋದರೆ ಒಳಗಡೆ ಬೆಸುಗೆ ಹುರುಕು ಹುರುಕಾಗುತ್ತದೆ. ಆ ಹುರುಕಿನ ಸಂದುಗಳಲ್ಲಿ ಗಸಿ ಕೂರುತ್ತದೆ, ಬ್ರಷ್ ಹೋಗುವುದಿಲ್ಲ. ಮುಂದಿನ ಸಲ ಕಾಯಿಸಿದಾಗ ಅದೇ ಗಸಿ ಸೀಯುತ್ತದೆ. ನಮ್ಮ ಭಟ್ಟಿಯಲ್ಲಿ ಒಳಬೆಸುಗೆಯನ್ನು ಸುತ್ತಿಗೆಯಿಂದ ತಟ್ಟಿ, ಉಜ್ಜಿ ತಗಡಿನ ಮಟ್ಟಕ್ಕೆ ತಂದಿದ್ದಾರೆ. ಬೆರಳು ಆಡಿಸಿದರೆ ಬೆಸುಗೆ ಎಲ್ಲಿದೆ ಎಂದು ಗೊತ್ತಾಗುವುದಿಲ್ಲ. ತೊಳೆಯುವ ನನಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ. ಕೊರಳಿನ ಮೇಲ್ಭಾಗದ ಒಂದು ಮೂಲೆಯಲ್ಲಿ ಮಾತ್ರ ಸ್ವಲ್ಪ ಒರಟು ಉಳಿದಿದೆ. ಅಲ್ಲಿಗೆ ಅವರ ಕೈ ಹೋಗಿಲ್ಲ, ನನ್ನದೂ ಹೋಗುವುದಿಲ್ಲ.

ಇನ್ನು ತಗಡಿನ ಜಾತಿ. ತಾಮ್ರ ಅಂದರೆ ಎಲ್ಲಾ ಒಂದೇ ಅಲ್ಲ. ವಿದ್ಯುತ್ ಕೆಲಸಕ್ಕೆ ಬಳಸುವ ಸಾಮಾನ್ಯ ತಾಮ್ರದಲ್ಲಿ ಚೂರು ಆಮ್ಲಜನಕ ಉಳಿದಿರುತ್ತದೆ. ಅದನ್ನು ಗ್ಯಾಸ್ ಉರಿಯಲ್ಲಿ ಕಾಯಿಸಿದರೆ ಉರಿಯ ಹೈಡ್ರೋಜನ್ ಒಳಗೆ ನುಗ್ಗಿ, ಆ ಆಮ್ಲಜನಕದ ಜೊತೆ ಸೇರಿ ನೀರಾವಿಯಾಗುತ್ತದೆ. ಒಳಗಿನಿಂದಲೇ ಕೂದಲೆಳೆ ಬಿರುಕುಗಳು ಹುಟ್ಟುತ್ತವೆ. ಭಟ್ಟಿಗೆ ಬೇಕಾದದ್ದು ಚೂರು ರಂಜಕ ಸೇರಿಸಿ ಆಮ್ಲಜನಕ ತೆಗೆದ ತಾಮ್ರ. ಇದಕ್ಕೆ ಡಿಎಚ್‌ಪಿ ಅನ್ನುತ್ತಾರೆ, ಅಮೆರಿಕದ ಲೆಕ್ಕದಲ್ಲಿ ಸಿ12200. ಇವರು ಕೇಳುವ ಮೊದಲೇ ತಗಡಿನ ಮಿಲ್ ಸರ್ಟಿಫಿಕೇಟ್ ತೆಗೆದು ತೋರಿಸಿದರು. ಜೋಡಣೆಗೆ ಬಳಸಿದ ಬೆಳ್ಳಿ ಬೆಸುಗೆಯ ಕಡ್ಡಿಯ ಕಾಗದವನ್ನೂ ಕೇಳಿ ಪಡೆದೆ. ಹಳೇ ಕಾಲದ ಬೆಳ್ಳಿ ಬೆಸುಗೆಗಳಲ್ಲಿ ಕ್ಯಾಡ್ಮಿಯಂ ಇರುತ್ತಿತ್ತು, ಮೆತ್ತನೆ ಬೆಸುಗೆಯಲ್ಲಿ ಸೀಸ ಇರುತ್ತಿತ್ತು. ಕುಡಿಯುವ ಪದಾರ್ಥ ಹಾದುಹೋಗುವ ಜಾಗದಲ್ಲಿ ಎರಡೂ ವಿಷ. ಕಡಿಮೆ ಬೆಲೆಗೆ ಸಿಗುವ ಅಲಂಕಾರದ ಭಟ್ಟಿಗಳಲ್ಲಿ ಬೆಸುಗೆ ಯಾವುದು ಎಂದು ಹೇಳುವವರೇ ಇರುವುದಿಲ್ಲ. ಶೋಕೇಸಿನಲ್ಲಿಡಲು ಸರಿ, ಸ್ಪಿರಿಟ್ ಇಳಿಸಲು ಬೇಡ.

ತಲುಪಿಸುವುದು ತಡವಾಯಿತು. ಚೆನ್ನಾಗಿಯೇ ತಡವಾಯಿತು. ಕೇಳಿದಾಗಲೆಲ್ಲ 'ಮುಂದಿನ ವಾರ' ಎಂಬ ಉತ್ತರ. ಸಣ್ಣ ವರ್ಕ್‌ಶಾಪ್, ಕೊರಳು ಬಡಿಯಬಲ್ಲವರು ಒಬ್ಬರೇ, ಅವರಿಗೆ ಹುಷಾರಿಲ್ಲ ಅಂದರೆ ಕೆಲಸ ನಿಂತಿತು. ಇದು ಅರ್ಥವಾಗುತ್ತದೆ. ಆದರೆ ನಿಜ ಹೇಳಿದ್ದರೆ ನಾವು ಹಳೇ ಭಟ್ಟಿಯನ್ನು ಅಷ್ಟು ಬೇಗ ಕಳಚುತ್ತಿರಲಿಲ್ಲ. ಆರ್ಡರ್ ಕೊಡುವವರು ಅವರು ಹೇಳಿದ ದಿನಾಂಕವನ್ನು ನಂಬಿ ಏನನ್ನೂ ಮಾರಬೇಡಿ.

ಬಂದ ಮೇಲೆ ಜೋಡಿಸುವ ಕೆಲಸ ಸಲೀಸಾಗಿ ನಡೆಯಿತು. ಒಂದು ಚದರ ಮೀಟರ್ 3 ಮಿಲಿಮೀಟರ್ ತಾಮ್ರದ ತಗಡೇ ಸುಮಾರು 27 ಕಿಲೋ ತೂಗುತ್ತದೆ, ಹಾಗಾಗಿ ಚೈನ್ ಬ್ಲಾಕ್ ಬೇಕಾಯಿತು. ಮೊದಲು ನೀರು ತುಂಬಿ ಸೋರಿಕೆ ನೋಡಿದರು. ಆಮೇಲೆ ಸ್ಟೀಮ್. ಸೋರಿದ್ದು ಮುಚ್ಚಳದ ಗ್ಯಾಸ್ಕೆಟ್ ಒಂದೇ. ಅವರು ಹಾಕಿದ್ದ ಸಾದಾ ರಬ್ಬರನ್ನು ತೆಗೆಸಿ ಪಿಟಿಎಫ್‌ಇ (ಟೆಫ್ಲಾನ್) ಹಾಕಿಸಿದೆವು. ಬಿಸಿ ಆಲ್ಕೋಹಾಲ್ ಆವಿಗೆ ಸಾದಾ ರಬ್ಬರ್ ತಡೆಯುವುದಿಲ್ಲ, ವಾಸನೆಯನ್ನೂ ಬಿಡುತ್ತದೆ. ಭಟ್ಟಿ ಮಾಡುವವರಿಗೆ ಇದು ಗೊತ್ತಿರಬೇಕಿತ್ತು.

ಒಂದು ವಿಷಯದಲ್ಲಿ ಮಾತ್ರ ಅವರು ಚೌಕಾಶಿಗೆ ಒಪ್ಪಲಿಲ್ಲ, ಅದಕ್ಕೆ ಮೆಚ್ಚುಗೆ. ಒತ್ತಡ ಹೆಚ್ಚಾದರೆ ತೆರೆಯುವ ಸೇಫ್ಟಿ ವಾಲ್ವ್ ಎಲ್ಲರೂ ಹಾಕುತ್ತಾರೆ. ಇವರು ಒಳಗೆ ನಿರ್ವಾತ ಉಂಟಾದರೆ ಗಾಳಿ ಒಳಗೆ ಬಿಡುವ ವಾಲ್ವನ್ನೂ ಹಾಕಿದ್ದಾರೆ. ಕೆಲಸ ಮುಗಿದು ಸ್ಟೀಮ್ ನಿಲ್ಲಿಸಿದಾಗ ಒಳಗಿನ ಆವಿ ನೀರಾಗುತ್ತದೆ. ನೀರಾವಿ ನೀರಾದಾಗ ಅದರ ಗಾತ್ರ ಸುಮಾರು 1,600 ಪಟ್ಟು ಕುಗ್ಗುತ್ತದೆ. ಗಾಳಿ ಒಳಗೆ ಬರಲು ದಾರಿ ಇಲ್ಲದಿದ್ದರೆ ಹೊರಗಿನ ಗಾಳಿಯ ಒತ್ತಡವೇ ತಾಮ್ರದ ಪಾತ್ರೆಯನ್ನು ನುಜ್ಜುಗುಜ್ಜು ಮಾಡುತ್ತದೆ. 3 ಮಿಲಿಮೀಟರ್ ತಾಮ್ರ ಒಳಗಿನ ಒತ್ತಡಕ್ಕಾದರೂ ಸ್ವಲ್ಪ ತಡೆಯುತ್ತದೆ, ಹೊರಗಿನ ಒತ್ತಡಕ್ಕೆ ಬೇಗ ಸೋಲುತ್ತದೆ. ಈ ವಾಲ್ವ್ ಇಲ್ಲದ ಭಟ್ಟಿಯನ್ನು ಯಾರಾದರೂ ಕಡಿಮೆ ಬೆಲೆಗೆ ಕೊಡುತ್ತೇನೆ ಅಂದರೆ ಅಲ್ಲಿಂದ ಎದ್ದು ಬನ್ನಿ.

ಮೊದಲು ಇಳಿಸಿದ್ದನ್ನು ಯಾರೂ ಕುಡಿಯಬಾರದು. ಹೊಸ ತಾಮ್ರದಲ್ಲಿ ಬೆಸುಗೆಯ ಫ್ಲಕ್ಸ್, ಪಾಲಿಶ್, ಎಣ್ಣೆ ಎಲ್ಲ ಇರುತ್ತದೆ. ಬಿಸಿನೀರು, ಸಿಟ್ರಿಕ್ ಆಮ್ಲ, ಮತ್ತೆ ನೀರು, ಆಮೇಲೆ ಬಲಿ ಕೊಡಲೆಂದೇ ಒಂದಷ್ಟು ಹಳೇ ಟೇಲ್ಸ್ (ಇಳಿಕೆಯ ಕೊನೆಗೆ ಬರುವ ಭಾಗ) ಹಾಕಿ ಇಳಿಸಿ ಚೆಲ್ಲಿದೆವು. ಅದು ತಿಳಿ ನೀಲಿ ಬಣ್ಣದಲ್ಲಿ ಬಂತು. ತಾಮ್ರದ ಲವಣ ಕರಗಿ ಬಂದಾಗ ಹಾಗಾಗುತ್ತದೆ, ಗಾಬರಿ ಬೇಡ. ಆದರೆ ನಿತ್ಯದ ಕೆಲಸದಲ್ಲಿ ನೀಲಿ ಕಂಡರೆ ಭಟ್ಟಿ ಕೊಳೆಯಾಗಿದೆ ಎಂದರ್ಥ.

ಈಗ ನಿತ್ಯದ ಓಟ. 8 ಪರ್ಸೆಂಟ್ ಆಲ್ಕೋಹಾಲ್ ಇರುವ ವಾಶ್ 350 ಲೀಟರ್ ತುಂಬಿದರೆ ಅದರಲ್ಲಿ ಶುದ್ಧ ಆಲ್ಕೋಹಾಲ್ 28 ಲೀಟರ್. ಇದನ್ನು ಕುದಿಯಲು, ಅಂದರೆ 93 ಡಿಗ್ರಿಯ ಹತ್ತಿರಕ್ಕೆ, ತರಲು ಸುಮಾರು 28 ಯೂನಿಟ್ ಶಾಖ ಬೇಕು, ಸೋರಿ ಹೋಗುವುದು ಬೇರೆ. ಜಾಕೆಟ್‌ಗೆ ಅರ್ಧ ಬಾರ್ ಒತ್ತಡದ ಸ್ಟೀಮ್ ಬಿಟ್ಟರೆ ಒಳಗೆ 111 ಡಿಗ್ರಿ ಇರುತ್ತದೆ. ಅಷ್ಟೇ ಶಾಖ ಆದ್ದರಿಂದ ಗಸಿ ತಳ ಹಿಡಿಯುವುದಿಲ್ಲ. ರೆಕ್ಕೆಯೂ ತಿರುಗುತ್ತಿರುತ್ತದೆ. ಮೊದಲ ಇಳಿಕೆಯಲ್ಲಿ ಸುಮಾರು 24 ಪರ್ಸೆಂಟಿನ ಲೋ ವೈನ್ಸ್ (ಮೊದಲ ಸಲ ಇಳಿದ ಮದ್ಯ) 110 ಲೀಟರ್ ಬರುತ್ತದೆ. ಅಂಥ ಮೂರು ಸೇರಿಸಿ ಎರಡನೇ ಸಲ ಇಳಿಸುತ್ತೇವೆ. ಕತ್ತರಿಸುವುದು ಈ ಎರಡನೇ ಇಳಿಕೆಯಲ್ಲಿ. ಮೊದಲು ಬರುವ ಹೆಡ್ಸ್‌ಗೆ ನೈಲ್ ಪಾಲಿಶ್ ರಿಮೂವರ್ ವಾಸನೆ. ಅದು ಮುಗಿದು ಹಣ್ಣು, ಮಾಲ್ಟ್ ವಾಸನೆ ಬಂದಾಗ ಹಾರ್ಟ್, ಅಂದರೆ ಇಟ್ಟುಕೊಳ್ಳುವ ನಡುವಿನ ಭಾಗ, ಹಿಡಿಯಲು ಶುರು. ಆಲ್ಕೋಹಾಲ್ 60 ಪರ್ಸೆಂಟಿನ ಆಸುಪಾಸಿಗೆ ಇಳಿದು ಒದ್ದೆ ರಟ್ಟಿನ ವಾಸನೆ ಬರುವ ಮೊದಲೇ ನಿಲ್ಲಿಸುವುದು.

ಹಳೇ ಭಟ್ಟಿಗೂ ಇದಕ್ಕೂ ನನಗೆ ಕಂಡ ದೊಡ್ಡ ವ್ಯತ್ಯಾಸ ಇಲ್ಲೇ. ಹೆಡ್ಸ್‌ನಿಂದ ಹಾರ್ಟಿಗೆ ಹೋಗುವ ಗಡಿ ಈಗ ಸ್ಪಷ್ಟ. ಮೊದಲು ಗಂಧಕದ ವಾಸನೆ ಎಲ್ಲದರ ಮೇಲೂ ಮುಸುಕು ಹಾಕುತ್ತಿತ್ತು. ಮೂಗು ಗೊಂದಲವಾಗಿ, ಸುರಕ್ಷಿತವಾಗಿರಲಿ ಎಂದು ಜಾಸ್ತಿಯೇ ಕತ್ತರಿಸುತ್ತಿದ್ದೆ. ಒಳ್ಳೇ ಸ್ಪಿರಿಟ್ ಹೆಡ್ಸ್ ಡಬ್ಬಿಗೆ ಹೋಗುತ್ತಿತ್ತು. ಈಗ ಆ ನಷ್ಟ ಇಲ್ಲ. ಸ್ಪಿರಿಟ್ ಮೈಕಟ್ಟಿನಲ್ಲಿ ಸ್ವಲ್ಪ ತೆಳು ಅನ್ನಿಸುತ್ತದೆ, ಅದು ಆ ಮೇಲ್ಮುಖದ ಆರ್ಮ್‌ನ ಗುಣ. ನಮಗೆ ಬೇಕಾಗಿದ್ದೂ ಅದೇ. ಪೀಪಾಯಿಯಲ್ಲಿ ವರ್ಷಾನುಗಟ್ಟಲೆ ಇಡಲು ದಪ್ಪ ಸ್ಪಿರಿಟ್ ಬೇಕಾದವರು ಆರ್ಮನ್ನು ಕೆಳಮುಖ ಮಾಡಿಸಿಕೊಳ್ಳಿ.

ದೂರುಗಳಿಗೆ ಬರೋಣ. ದೊಡ್ಡದು ಕಂಡೆನ್ಸರ್. ನಮ್ಮ ತಣ್ಣೀರು ಅಷ್ಟೇನೂ ತಣ್ಣಗಿಲ್ಲ, ಬಿಸಿಲ ದಿನಗಳಲ್ಲಿ 28 ಡಿಗ್ರಿ ಇರುತ್ತದೆ. ಇದನ್ನು ಮೊದಲೇ ಹೇಳಿದ್ದೆವು. ಆದರೂ ಅವರು ಕಂಡೆನ್ಸರ್ ಮಾಡಿದ್ದು 15 ಡಿಗ್ರಿ ನೀರು ಸಿಗುವವರ ಅಳತೆಗೆ. ಕಂಡೆನ್ಸರಿನ ನೀರು 20 ಡಿಗ್ರಿ ಬಿಸಿಯಾಗಿ ಹೊರಬರುತ್ತದೆ ಅಂತಿಟ್ಟುಕೊಂಡರೂ ಮೊದಲ ಇಳಿಕೆಯ ಒಂದೊಂದು ಲೀಟರಿಗೆ 20 ಲೀಟರಿಗಿಂತ ಹೆಚ್ಚು ನೀರು ಹರಿಯಬೇಕು. ವೇಗವಾಗಿ ಇಳಿಸಿದರೆ ಸ್ಪಿರಿಟ್ ಬೆಚ್ಚಗೆ ಬರುತ್ತಿತ್ತು. ಬೆಚ್ಚಗಿನ ಸ್ಪಿರಿಟ್ ಅಂದರೆ ಕೋಣೆಯಲ್ಲಿ ಆಲ್ಕೋಹಾಲ್ ಆವಿ, ಅದು ಬೆಂಕಿಗೆ ಆಹ್ವಾನ. ಹಾಗಾಗಿ ನಿಧಾನವಾಗಿ ಇಳಿಸುತ್ತಾ ದಿನ ತಳ್ಳಿದೆವು. ಫೋನ್ ಮಾಡಿದ ಮೇಲೆ ಮೇಸ್ತ್ರಿ ಬಂದರು, ಥರ್ಮಾಮೀಟರ್ ಹಿಡಿದು ಗಂಟೆಗಟ್ಟಲೆ ಕೂತು ನೋಡಿದರು, 'ಇದು ನಮ್ಮ ಲೆಕ್ಕದ್ದೇ ಎಡವಟ್ಟು' ಎಂದು ಒಪ್ಪಿಕೊಂಡರು. ಮೊದಲ ಕಂಡೆನ್ಸರಿನ ಕೆಳಗೆ ಇನ್ನೊಂದು ಸಣ್ಣ ಕೂಲರ್ ಮಾಡಿ ಕೂರಿಸಿದರು. ದುಡ್ಡು ಕೇಳಲಿಲ್ಲ. ಈಗ ಸರಿಯಾಗಿದೆ. ದೊಡ್ಡ ಕಂಪನಿ ಆಗಿದ್ದರೆ ಇಷ್ಟು ಬೇಗ ಆಗುತ್ತಿತ್ತಾ ಅಂದರೆ, ನನಗೆ ಅನುಮಾನ.

ಎರಡನೆಯದು ಡ್ರೈನ್. ಒಂದೂವರೆ ಇಂಚು ಇಟ್ಟಿದ್ದಾರೆ. ಗಸಿ ಸಮೇತ ಇಳಿಸುವ ನಮಗೆ ಅದು ಚಿಕ್ಕದು, ಕಟ್ಟಿಕೊಳ್ಳುತ್ತದೆ. ಕುದಿಯುವಷ್ಟು ಬಿಸಿ ಇರುವ ಉಳಿಕೆ ಹೊರಹಾಕುವಾಗ ಕೊಳವೆ ಕಟ್ಟಿಕೊಂಡರೆ ಕೋಲು ಹಾಕಿ ಕೆದಕುವುದು ಯಾರಿಗೂ ಹಿತವಾದ ಕೆಲಸ ಅಲ್ಲ. ಮೂರನೆಯದು ಥರ್ಮಾಮೀಟರಿನ ಜಾಗ. ಕೊರಳಿನ ತುದಿಯಲ್ಲಿ, ಆವಿ ಆರ್ಮಿಗೆ ತಿರುಗುವಲ್ಲಿ ಇರಬೇಕಿತ್ತು. ಬಾಯ್ಲ್ ಬಾಲ್‌ನಲ್ಲಿ ಇಟ್ಟಿದ್ದಾರೆ. ಅಲ್ಲಿ ವಾಪಸ್ ಬೀಳುವ ಹನಿಯೂ ತಾಗುತ್ತದೆ, ತೋರಿಸುವ ಡಿಗ್ರಿ ಕುಣಿಯುತ್ತದೆ. ನಾನು ಹೇಗೂ ಮೂಗನ್ನೇ ನಂಬುವುದರಿಂದ ಬದುಕಿದ್ದೇನೆ. ಹೊಸಬರನ್ನು ಕೂರಿಸಿದರೆ ಇದು ಕಷ್ಟ.

ತೊಳೆಯುವುದು ಹೇಗೆ ಎಂದು ಕೇಳುವವರಿಗೆ: ಗಸಿ, ಜಿಡ್ಡು ತೆಗೆಯಲು ತೆಳುವಾದ ಬಿಸಿ ಕಾಸ್ಟಿಕ್ ಸೋಡಾ, ಪೂರ್ತಿ ನೀರಲ್ಲಿ ತೊಳೆದ ಮೇಲೆ ಸಿಟ್ರಿಕ್ ಆಮ್ಲ, ಮತ್ತೆ ನೀರು. ಕ್ಲೋರಿನ್ ಇರುವ ಯಾವುದನ್ನೂ ಹತ್ತಿರ ತರಬೇಡಿ. ನೈಟ್ರಿಕ್ ಆಮ್ಲವಂತೂ ತಾಮ್ರವನ್ನೇ ತಿನ್ನುತ್ತದೆ. ಕೆಲಸ ಇಲ್ಲದ ದಿನ ಮುಚ್ಚಳ ತೆಗೆದು ಗಾಳಿಯಾಡಲು ಬಿಡುತ್ತೇವೆ, ಆಗ ತಾಮ್ರ ಗಂಧಕ ಹಿಡಿಯಲು ಮತ್ತೆ ಚುರುಕಾಗುತ್ತದೆ. ಹೊರಮೈಗೆ ಲ್ಯಾಕರ್ ಹಚ್ಚಿಕೊಡುತ್ತೇವೆ ಅಂದರು, ಬೇಡ ಅಂದೆವು. ಹೊರಗೆ ಕಂದು ಬಣ್ಣಕ್ಕೆ ತಿರುಗಿದರೆ ಸ್ಪಿರಿಟ್‌ಗೇನೂ ಆಗುವುದಿಲ್ಲ. ಒಳಗೆ ಹಸಿರು ಕಿಲುಬು ಮಾತ್ರ ಕೂರಬಾರದು. ಎರಡನೇ ಇಳಿಕೆಯಲ್ಲಿ ತಳದಲ್ಲಿ ಉಳಿಯುವ ನೀರಿನಲ್ಲಿ ತಾಮ್ರ ಇರುತ್ತದೆ. ಅದನ್ನು ಸಂಸ್ಕರಿಸದೆ ಸೀದಾ ಚರಂಡಿಗೆ ಬಿಡಬಾರದು. ಭಟ್ಟಿ ಮಾರುವವರು ಯಾರೂ ಈ ಖರ್ಚಿನ ಬಗ್ಗೆ ಬಾಯಿ ಬಿಡುವುದಿಲ್ಲ. ಇವರೂ ಬಿಡಲಿಲ್ಲ.

ಗಂಧಕ ಹಿಡಿಯುತ್ತಾ ಹಿಡಿಯುತ್ತಾ ತಾಮ್ರ ಸವೆಯುತ್ತದೆ. ಭಟ್ಟಿ ಅಂದರೆ ತಲೆಮಾರುಗಳಿಗೆ ಬರುವ ಆಸ್ತಿ ಅನ್ನುವುದು ಮಾರಾಟದ ಮಾತು. ಭುಜ, ಕೊರಳಿನ ತಿರುವು, ಕುದಿಯುವ ಗೆರೆ, ಇವು ಮೊದಲು ತೆಳ್ಳಗಾಗುವ ಜಾಗಗಳು. ಇವರ ಒಂದು ಒಳ್ಳೇ ಕೆಲಸ ನನಗೆ ತುಂಬಾ ಹಿಡಿಸಿತು. ಭಟ್ಟಿಯ ಜೊತೆ ಒಂದು ನಕ್ಷೆ ಕೊಟ್ಟಿದ್ದಾರೆ. ಅದರಲ್ಲಿ ಚುಕ್ಕೆ ಇಟ್ಟ ಪ್ರತಿ ಜಾಗದ ದಪ್ಪವನ್ನು ಹೊಸದಿದ್ದಾಗಲೇ ಅಲ್ಟ್ರಾಸಾನಿಕ್ ಗೇಜ್‌ನಲ್ಲಿ ಅಳೆದು ಬರೆದಿದ್ದಾರೆ. ಪ್ರತಿ ವರ್ಷ ಅದೇ ಚುಕ್ಕೆಗಳಲ್ಲಿ ಅಳೆದರೆ ಎಲ್ಲಿ ಎಷ್ಟು ಸವೆದಿದೆ ಎಂದು ಗೊತ್ತಾಗುತ್ತದೆ. ತೀರಾ ತೆಳುವಾದರೆ ಆ ಭಾಗ ಮಾತ್ರ ಕತ್ತರಿಸಿ ಹೊಸ ತಗಡು ಬೆಸೆದು ಕೊಡುತ್ತಾರಂತೆ. ಬಡಿದು ಮಾಡಿದವರೇ ರಿಪೇರಿ ಮಾಡಬಲ್ಲರು. ನಮ್ಮದನ್ನು ಈ ವರ್ಷ ಅಳೆದೆವು, ಲೆಕ್ಕಕ್ಕೆ ಬರುವಷ್ಟು ಸವೆತ ಎಲ್ಲೂ ಇಲ್ಲ.

ಯಾರಿಗೆ ಇದು ಬೇಡ? ವೋಡ್ಕಾ ಥರ ವಾಸನೆಯೇ ಇಲ್ಲದ ಸ್ಪಿರಿಟ್ ಮಾಡುವವರಿಗೆ ಖಂಡಿತ ಬೇಡ. ಅದಕ್ಕೆ ಕಾಲಮ್ ಬೇಕು. ಐರ್ಲೆಂಡಿನ ಈನಿಯಸ್ ಕಾಫಿ ಎಂಬಾತ 1830ರಲ್ಲೇ ಪೇಟೆಂಟ್ ಪಡೆದ ಆ ಉಪಾಯವನ್ನು ಬಿಟ್ಟು ಪಾಟ್ ಸ್ಟಿಲ್‌ನಲ್ಲಿ ಒದ್ದಾಡುವುದರಲ್ಲಿ ಅರ್ಥ ಇಲ್ಲ. ಕಾನೂನೇ ಆಕಾರ ಹೇಳುವ ಕಡೆಯೂ ನಿಮ್ಮ ಆಯ್ಕೆ ಕಡಿಮೆ. ಫ್ರಾನ್ಸಿನ ಕೊನ್ಯಾಕ್ ಬ್ರಾಂಡಿ ಮಾಡುವವರು ಎರಡನೇ ಇಳಿಕೆಗೆ 30 ಹೆಕ್ಟೋಲೀಟರ್ (3,000 ಲೀಟರ್) ಮೀರದ, ಶರಾಂತೆ ಎಂಬ ಅಲ್ಲಿನ ಮಾದರಿಯ ಪಾಟ್ ಸ್ಟಿಲ್ಲನ್ನೇ ಬಳಸಬೇಕು, ಅದರಲ್ಲಿ ತುಂಬಬಹುದಾದದ್ದು 25. ಇನ್ನು ಈಗಷ್ಟೇ ಶುರು ಮಾಡುವವರು, ತಮಗೆ ಎಂಥ ಸ್ಪಿರಿಟ್ ಬೇಕು ಎಂದು ಇನ್ನೂ ಗೊತ್ತಿಲ್ಲದವರು, ಸ್ವಲ್ಪ ಕಾಯಿರಿ. ಆಕಾರ ಹೇಳಿ ಮಾಡಿಸುವ ಸೌಲಭ್ಯ ನಿಮಗಿನ್ನೂ ಉಪಯೋಗಕ್ಕೆ ಬರುವುದಿಲ್ಲ.

ನಾವೀಗ ಎರಡನೆಯದಕ್ಕೆ ಮುಂಗಡ ಕೊಟ್ಟಿದ್ದೇವೆ. ಇದು ಜಿನ್‌ಗೆ ಮಾತ್ರ, 200 ಲೀಟರ್, ಆರ್ಮ್‌ನಲ್ಲೇ ಜಿನ್‌ಗೆ ಪರಿಮಳ ಕೊಡುವ ಜೂನಿಪರ್ ಕಾಯಿಯ ಬುಟ್ಟಿ. ಡ್ರೈನ್ 2 ಇಂಚು, ಥರ್ಮಾಮೀಟರ್ ಕೊರಳಿನ ತುದಿಯಲ್ಲಿ, ಗ್ಯಾಸ್ಕೆಟ್ ಪಿಟಿಎಫ್‌ಇ, ಕಂಡೆನ್ಸರ್ 30 ಡಿಗ್ರಿ ನೀರಿಗೆ. ನಾಲ್ಕನ್ನೂ ನಕ್ಷೆಯ ಮೇಲೆ ಕೆಂಪು ಪೆನ್ನಿನಲ್ಲಿ ಬರೆದು, ಮೇಸ್ತ್ರಿಯ ಸಹಿ ಹಾಕಿಸಿಕೊಂಡಿದ್ದೇನೆ. ದಿನಾಂಕದ ಜಾಗ ಖಾಲಿ ಬಿಡಿ ಎಂದೂ ಹೇಳಿದ್ದೇನೆ.